ಸಿಂಹ ತಿನ್ನದೇ ಬಿಟ್ಟವನು

ಮಾರಾಯ,

"ಅವಿಧೇಯತೆಯ ಫಲ" ಅಂತ ಚರ್ಚಿನ ಪ್ರಸಂಗಕ್ಕೆ ವಿಷಯ ಕೊಟ್ಟಿದ್ದಾರೆ, ಎಂತ ಹೇಳಲಿ ಅಂತ ಫೋನಲ್ಲಿ ಕೇಳಿದೆಯಲ್ಲ. ಕೇಳಲಿಕ್ಕೆ ನಿನಗೆ ಬೇರೆ ಜನ ಸಿಗಲಿಲ್ಲವಾ? ಲೋಟನ ಹೆಂಡತಿ, ಯೋನನ ಮೀನು ಬಿಡು, ಸಂಡೇ ಸ್ಕೂಲಿನ ಮಕ್ಕಳು ನಿದ್ದೆಯಲ್ಲೂ ಹೇಳ್ತಾರೆ. ಬೈಬಲಿನ ಧರ್ಮೋಪದೇಶಕಾಂಡ 28ನೇ ಅಧ್ಯಾಯಕ್ಕೂ ಹೋಗಬೇಡ. ಆಶೀರ್ವಾದಕ್ಕೆ 14 ವಚನ, ಶಾಪಕ್ಕೆ 54. ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಅಜ್ಜ ಎದ್ದು ಹೋಗಿರ್ತಾರೆ. (ಯಾವ ಅಜ್ಜ ಅಂತ ಇಲ್ಲಿ ಓದುವವರು ಕೇಳಬೇಡಿ.)

ಅದರಲ್ಲೇ 1 ಅರಸುಗಳು 13ನೇ ಅಧ್ಯಾಯ ತೆಗೆ. ಯೆಹೂದದಿಂದ ಬೇತೇಲಿಗೆ ಬಂದ ಒಬ್ಬ ದೇವರ ಮನುಷ್ಯ, ಹೆಸರೂ ಇಲ್ಲ. ರಾಜ ಯಾರೊಬ್ಬಾಮನ ಎದುರೇ ಅವನ ಬಲಿಪೀಠದ ವಿರುದ್ಧ ಕೂಗಿದ. ಹಿಡಿಯಿರಿ ಅಂತ ಚಾಚಿದ ರಾಜನ ಕೈ ಹಾಗೇ ಒಣಗಿತು; ಇವನೇ ಪ್ರಾರ್ಥಿಸಿದ, ಸರಿಯಾಯಿತು. ಊಟಕ್ಕೆ ಬಾ ಅಂದರೆ, ಅರ್ಧ ಮನೆ ಕೊಟ್ಟರೂ ಬಾರೆ ಅಂದ. ಇಲ್ಲಿ ಉಣ್ಣಬೇಡ, ಕುಡಿಯಬೇಡ, ಬಂದ ದಾರಿಯಲ್ಲಿ ಮರಳಬೇಡ ಅಂತ ದೇವರ ಅಪ್ಪಣೆ. ರಾಜನಿಗೆ ಬಗ್ಗದವನು ಒಬ್ಬ ಮುದಿ ಪ್ರವಾದಿಗೆ ಬಗ್ಗಿದ. ನಾನೂ ನಿನ್ನಂತೆ ಪ್ರವಾದಿಯೇ, ನಿನ್ನನ್ನು ಕರೆತಾ ಅಂತ ದೇವದೂತ ಹೇಳಿದ್ದಾನೆ ಅಂದನಂತೆ ಮುದುಕ. ಹಸಿ ಸುಳ್ಳು. ಇವನು ಹೋದ, ಉಂಡ, ಕತ್ತೆ ಹತ್ತಿ ಹೊರಟ. ದಾರಿಯಲ್ಲಿ ಸಿಂಹ ಕೊಂದಿತು. ಕೊಂದು, ಹೆಣವನ್ನೂ ತಿನ್ನದೆ, ಕತ್ತೆಯನ್ನೂ ಮುಟ್ಟದೆ ಪಕ್ಕದಲ್ಲೇ ನಿಂತಿತು. ಹಸಿವಿಗೆ ಕೊಂದಿದ್ದರೆ ನಮಗೆ ಎಷ್ಟೋ ಸಮಾಧಾನ ಇರ್ತಿತ್ತು.

ಸುಳ್ಳು ಹೇಳಿದವನಿಗೆ? ಎಂತದೂ ಆಗಲಿಲ್ಲ. ಶಿಕ್ಷೆಯ ಮಾತು ಬಂದದ್ದೂ ಅವನ ಬಾಯಿಂದಲೇ, ಉಣ್ಣುತ್ತಾ ಕೂತಿದ್ದಾಗಲೇ. ದೇವರು ನಿನಗೇ ನೇರ ಹೇಳಿದ್ದರೆ, ಇನ್ನೊಬ್ಬ ದೇವರ ಹೆಸರು ಹಿಡಿದು ಬಂದ ಅನ್ನುವುದು ನೆಪವಾಗುವುದಿಲ್ಲ. ಪ್ರಸಂಗಕ್ಕೆ ಇಷ್ಟು ಸಾಕು, ಬರ್ಕೋ.

ನನ್ನನ್ನು ಹಿಡಿದದ್ದು ಆಮೇಲಿನದು. ಮುದುಕ ಹೆಣ ತಂದು ತನ್ನದೇ ಸಮಾಧಿಯಲ್ಲಿಟ್ಟು, ಅಯ್ಯೋ ಸಹೋದರನೇ ಅಂತ ಅತ್ತ. ನಾನು ಸತ್ತರೆ ನನ್ನ ಎಲುಬು ಇವನ ಎಲುಬಿನ ಪಕ್ಕದಲ್ಲಿಡಿ ಅಂತ ಮಕ್ಕಳಿಗೆ ಹೇಳಿದ. ಸುಮಾರು 300 ವರ್ಷದ ಮೇಲೆ ಅರಸ ಯೋಷೀಯ ಬೇತೇಲಿನ ಗೋರಿ ತೆಗೆಸಿ ಎಲುಬು ಸುಡಿಸಿದಾಗ, ದೇವರ ಮನುಷ್ಯನದು ಅಂತ ಅದೊಂದನ್ನು ಮುಟ್ಟಲಿಲ್ಲ. ಜೊತೆಗೆ ಮುದುಕನೂ ಬಚಾವ್.

ನಾನು ಹೂಡಿರುವುದೂ ಅದೇ ಉಪಾಯ. ಅಪ್ಪ ಹೋದ ಮೇಲೆ ನಾನು ಪ್ರಾರ್ಥನೆ ಮಾಡಿಲ್ಲ. ಸಿಟ್ಟು ಅಂತಲ್ಲ, ಕಣ್ಣು ಮುಚ್ಚಿದರೆ ಆಚೆ ಯಾರೂ ಇಲ್ಲ ಅನ್ನಿಸ್ತದೆ. ಆದರೂ ಕೋಯರಲ್ಲಿ ಹಾಡ್ತೇನೆ, ಕರ್ತನ ಭೋಜನದ ರೊಟ್ಟಿಗೆ ಕೈ ಚಾಚ್ತೇನೆ. ನೀನು ಪ್ರಾರ್ಥಿಸ್ತೀಯಲ್ಲ, ನಿನ್ನ ಪಕ್ಕದಲ್ಲಿದ್ದರೆ ನನ್ನನ್ನೂ ಬಿಟ್ಟಾರು ಅಂತ. ಹೆಂಡತಿಗೂ ಹೇಳದ್ದನ್ನು ಇಲ್ಲಿ ಬರೆದುಬಿಟ್ಟೆ, ಇನ್ನು ಅವಳೂ ಓದ್ತಾಳೆ.

ಇರಲಿ. ಈಗಲೇ ಗೋರಿಗೆ ಜಾಗ ನೋಡಬೇಡ. ನಿನ್ನ ಗೊರಕೆಯ ಪಕ್ಕ ಪುನರುತ್ಥಾನದವರೆಗೆ ಮಲಗುವುದು ಸಾಮಾನ್ಯವಲ್ಲ, ಮಡಿಕೇರಿ ಕ್ಯಾಂಪಿನಲ್ಲಿ ಇದ್ದವರಿಗೆಲ್ಲ ಗೊತ್ತುಂಟು. ಆದಿತ್ಯವಾರ ಪ್ರಸಂಗ ಮುಗಿಸಿ ಮನೆಗೆ ಊಟಕ್ಕೆ ಬಾ, ಕೋಳಿ ಸುಕ್ಕ. ದೇವದೂತ ಹೇಳಿದ್ದಲ್ಲ, ಅವಳೇ ಹೇಳಿದ್ದು. ಬಂದ ದಾರಿಯಲ್ಲೇ ವಾಪಸು ಹೋಗಬಹುದು.