ಮೂರು ಡ್ರಾ ಮತ್ತು ನನ್ನ ಜೆರಾಕ್ಸ್ ದುಡ್ಡು

ಮಾನ್ಯರೇ,

ನಮ್ಮ ಬಡಾವಣೆಯ ಫುಟ್‌ಬಾಲ್ ಟೂರ್ನಿ ಬಗ್ಗೆ ನಿನ್ನೆ ನಿಮ್ಮ ಮೈಸೂರು ಪುಟದಲ್ಲಿ ಬಂದ ವರದಿ ಓದಿದೆ. ‘ಲೀಗ್ ಹಂತ ಸುಸೂತ್ರವಾಗಿ ಮುಗಿಯಿತು’ ಎಂದು ಬರೆದಿದ್ದೀರಿ. ಯಾರಿಗೆ ಸುಸೂತ್ರ ಸ್ವಾಮಿ? ಭಾನುವಾರ ಮಧ್ಯಾಹ್ನ ಒಂದು ಗಂಟೆ ಬಿಸಿಲಲ್ಲಿ ಗೋಲ್ ಕಂಬಕ್ಕೆ ಒರಗಿ ಅಳುತ್ತಿದ್ದ ನನ್ನ ಅಕ್ಕನ ಮಗ ನಿಮ್ಮ ವರದಿಗಾರರ ಕಣ್ಣಿಗೆ ಬೀಳಲಿಲ್ಲ. ಅಷ್ಟೊತ್ತಿಗೆ ಅವರು ಮುಖ್ಯ ಅತಿಥಿಗಳ ಫೋಟೊ ತೆಗೆದುಕೊಂಡು ಹೊರಟಾಗಿತ್ತು.

ನಮ್ಮ ಹುಡುಗರು ಮೂರು ಪಂದ್ಯ ಆಡಿದರು, ಮೂರೂ ಡ್ರಾ. ಒಂದನ್ನೂ ಸೋತಿಲ್ಲ. ಆದರೆ ಗುಂಪಿನ ಎರಡನೇ ತಂಡವಾಗಿ ಸೆಮಿಫೈನಲ್‌ಗೆ ಹೋಗಿದ್ದು ಅವತ್ತು ಬೆಳಿಗ್ಗೆಯಷ್ಟೇ 4-0 ಹೊಡೆಸಿಕೊಂಡ ತಂಡ. ಕೇಳಿದರೆ, ‘ಗೆಲುವಿಗೆ ಮೂರು ಪಾಯಿಂಟು ಸಾರ್. ಅವರದು ನಾಲ್ಕು, ನಿಮ್ಮದು ಮೂರು’ ಅಂತ ಕಮಿಟಿಯವರು ಕೈ ಕೊಡವಿದರು.

ಗೆಲುವಿಗೆ ಮೂರು ಅನ್ನುವುದು ನನಗೂ ಗೊತ್ತು. ಇಂಗ್ಲೆಂಡಿನ ಲೀಗ್‌ನಲ್ಲಿ 1981ರಲ್ಲೇ ಶುರುವಾಯಿತು, ವಿಶ್ವಕಪ್‌ಗೆ ಬಂದದ್ದು 1994ರಲ್ಲಿ. ಎರಡೂ ಕಡೆಯವರು ಸುಮ್ನೆ ಚೆಂಡು ತಳ್ಳಾಡಿಕೊಂಡು ಒಂದೊಂದು ಪಾಯಿಂಟ್ ಹಂಚಿಕೊಳ್ಳಬಾರದು, ಗೆಲ್ಲೋಕೆ ಆಡಬೇಕು ಅಂತ ಮಾಡಿದ್ದು. ಒಳ್ಳೆಯದೇ. ನನ್ನ ತಕರಾರು ಅದಲ್ಲ. ಟೂರ್ನಿಗೆ ನಾಲ್ಕು ದಿನ ಮುಂಚೆ ಇದೇ ಕಮಿಟಿಯವರು ನನ್ನ ಜೆರಾಕ್ಸ್ ಅಂಗಡಿಗೆ ಬಂದು ನಿಯಮದ ಹಾಳೆ 40 ಪ್ರತಿ ಮಾಡಿಸಿಕೊಂಡು ಹೋದರು. ಅದರ ಐದನೇ ಸಾಲು: ಗೆಲುವಿಗೆ 2 ಅಂಕ, ಡ್ರಾಗೆ 1, ಅಂಕ ಸಮವಾದರೆ ಗೋಲು ವ್ಯತ್ಯಾಸ (ಹೊಡೆದ ಗೋಲಿನಲ್ಲಿ ಹೊಡೆಸಿಕೊಂಡದ್ದು ಕಳೆದರೆ ಉಳಿಯುವುದು). ಯಾವ ಕಾಲದ ಹಾಳೆಯೋ, ಟೈಪ್‌ರೈಟರ್‌ನಲ್ಲಿ ಹೊಡೆದದ್ದು, ಮೂಲೆಯಲ್ಲಿ ಕಾಫಿ ಲೋಟದ ಗುರುತು. ಆ ಗುರುತೂ 40 ಪ್ರತಿಯಲ್ಲಿ ಕಪ್ಪಗೆ ದುಂಡಗೆ ಮೂಡಿದೆ. ಒಂದು ಪ್ರತಿ ನನ್ನ ಗಲ್ಲಾದಲ್ಲಿ ಇಟ್ಟುಕೊಂಡಿದ್ದೇನೆ, ಯಾಕೆಂದರೆ 80 ರೂಪಾಯಿ ಇನ್ನೂ ಬಂದಿಲ್ಲ.

ಆ ಹಾಳೆಯ ಲೆಕ್ಕ ನೋಡಿ. ಮೂರು ಡ್ರಾಗೆ ನಮಗೆ 3. ಅವರು ಒಂದು ಗೆದ್ದು, ಒಂದು ಡ್ರಾ ಮಾಡಿ, ಒಂದು ಸೋತರು, ಅವರಿಗೂ 3. ಗೋಲು ವ್ಯತ್ಯಾಸ ನಮ್ಮದು ಸೊನ್ನೆ, ಅವರದು ಮೈನಸ್ ಮೂರು. ಇದನ್ನು ನಂಬಿಕೊಂಡೇ ನಮ್ಮ ಕೋಚ್ ಕೊನೇ ಪಂದ್ಯದಲ್ಲಿ ‘ಡ್ರಾ ಸಾಕು ಕಣ್ರೋ, ಹಿಂದೆ ಬನ್ರೋ’ ಅಂತ ಗಂಟಲು ಹರಿದುಕೊಂಡರು. 1-1 ಆದ ಮೇಲೆ ಹತ್ತು ನಿಮಿಷ ನಮ್ಮ ಸ್ಟ್ರೈಕರ್ ಕೂಡ ನಮ್ಮ ಗೋಲ್ ಮುಂದೆಯೇ ನಿಂತಿದ್ದ. ಮೂರು ಪಾಯಿಂಟ್ ಅಂತ ಗೊತ್ತಿದ್ದರೆ ಹಾಗೆ ನಿಲ್ಲುತ್ತಿದ್ದನಾ? ಎಲ್ಲರೂ ಮುಂದೆ ನುಗ್ಗುತ್ತಿದ್ದರು. ನುಗ್ಗಿ ಸೋಲುತ್ತಿದ್ದರೋ ಏನೋ, ಅದು ಬೇರೆ ಮಾತು.

ಬೆಳಗಿನ ಪಂದ್ಯದ ಫಲಿತಾಂಶ ತಿಳಿದುಕೊಂಡು ಡ್ರಾಗೆ ಆಡಿದ್ದು ಸರಿಯಾ ಅಂತ ನೀವು ಕೇಳಬಹುದು. ಸರಿಯಲ್ಲ. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಹಿಂದಿನ ದಿನದ ಫಲಿತಾಂಶ ನೋಡಿಕೊಂಡು, ಇಬ್ಬರೂ ಮುಂದಿನ ಸುತ್ತಿಗೆ ಹೋಗುವ ಹಾಗೆ ಜರ್ಮನಿಯ 1-0 ಗೆಲುವಿಗೆ ಆಟ ಮುಗಿಸಿ ಅಲ್ಜೀರಿಯಾವನ್ನು ಮನೆಗೆ ಕಳಿಸಿದವು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಇಲ್ಲಿ ಹಾಗೆ ಮಾಡೋಣ ಅಂದರೆ ಇರುವುದು ಒಂದೇ ಮೈದಾನ, ಎರಡು ಚೆಂಡು. ಅದರಲ್ಲಿ ಒಂದಕ್ಕೆ ಗಾಳಿ ನಿಲ್ಲುವುದಿಲ್ಲ.

ಕಮಿಟಿಯ ಹಿರಿಯರೊಬ್ಬರು ಸಮಾಧಾನ ಹೇಳಲು ಬಂದರು. 2010ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಕೂಡ ಮೂರೂ ಡ್ರಾ ಮಾಡಿಕೊಂಡು, ಒಂದೂ ಸೋಲದೆ ಊರಿಗೆ ಹೋಯಿತಂತೆ. ಆದರೆ 1982ರಲ್ಲಿ ಇಟಲಿಯೂ ಮೊದಲ ಮೂರು ಪಂದ್ಯ ಡ್ರಾ ಮಾಡಿಕೊಂಡಿತ್ತು, ಕೊನೆಗೆ ಕಪ್ಪನ್ನೇ ಎತ್ತಿಕೊಂಡು ಹೋಯಿತು. 2016ರ ಯುರೋ ಕಪ್‌ನಲ್ಲಿ ಪೋರ್ಚುಗಲ್ ಕಥೆಯೂ ಅದೇ. ನಾನು ಇದನ್ನು ಹೇಳುವಷ್ಟರಲ್ಲಿ ಹಿರಿಯರು ಶಾಮಿಯಾನದವನ ಜೊತೆ ಬಾಡಿಗೆ ಚೌಕಾಸಿಗೆ ನಿಂತಿದ್ದರು. ನ್ಯೂಜಿಲೆಂಡಿನವರಿಗೆ ಆಟ ಮುಗಿದ ಮೇಲೆ ನಿಯಮ ಬದಲಾಯಿಸಿ ಹೇಳಿರಲಿಲ್ಲ ಅಲ್ವಾ?

ನನ್ನ ಕಷ್ಟ ಕೇಳಿ. ಪರೀಕ್ಷೆ ಅರ್ಜಿ ತುಂಬುವ ಸಮಯದಲ್ಲಿ ಮೂರು ಭಾನುವಾರ ಅಂಗಡಿ ಮುಚ್ಚಿದೆ. ಹುಡುಗರನ್ನು ಕರೆತರಲು ಗೂಡ್ಸ್ ಆಟೊಗೆ 600 ಕೊಟ್ಟೆ, ಹದಿನೈದು ಜನಕ್ಕೆ ಪೂರಿ ಸಾಗು ಕೊಡಿಸಿದೆ. ಹತ್ತು ಗಂಟೆ ಪಂದ್ಯ ಶುರುವಾದದ್ದು ಹನ್ನೊಂದೂವರೆಗೆ, ಮುಖ್ಯ ಅತಿಥಿಗಳಾಗಿದ್ದ ಅಧಿಕಾರಿಗಳು ಬಂದು ಕೈಕುಲುಕಿದ ಮೇಲೆ. ಬಂದವರು ಇಪ್ಪತ್ತು ನಿಮಿಷ ಮಾತಾಡಿದರು. ಪೂರ್ತಿ ಕ್ರಿಕೆಟ್! ನಲ್ಲಿಯಲ್ಲಿ ನೀರಿರಲಿಲ್ಲ. ಅಕ್ಕ ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ, ಆ ಹಾಳೆ ನಾನೇ ಬರೆದವನೋ ಎಂಬಂತೆ.

ಅದೇ ಅಧಿಕಾರಿಗಳು ಎರಡು ವರ್ಷದ ಹಿಂದೆ ಇದೇ ಮೈದಾನದಲ್ಲಿ ನಿಂತು ಶೌಚಾಲಯ ಕಟ್ಟಿಸುತ್ತೇವೆ, ದೀಪ ಹಾಕಿಸುತ್ತೇವೆ ಅಂದಿದ್ದರು. ಕಂಬ ಬಂತು, ದೀಪ ಬರಲಿಲ್ಲ. ನಮ್ಮ ಬೀದಿಯ ಚರಂಡಿ ಮೇಲಿನ ಚಪ್ಪಡಿ ಒಡೆದು ಯಾವ ಕಾಲವಾಯಿತು. ಅರ್ಜಿ ಕೊಟ್ಟರೆ ‘ದಸರಾ ಮುಗೀಲಿ’ ಅನ್ನುತ್ತಾರೆ. ದಸರಾ ಮುಗಿದ ಮೇಲೆ ಹೋದರೆ ‘ಮುಂದಿನ ದಸರಾಗೆ ಹೇಗೂ ಮಾಡ್ತೀವಿ’ ಅನ್ನುತ್ತಾರೆ. ಮೆರವಣಿಗೆ ಹೋಗುವ ರಸ್ತೆಗೆ ಮಾತ್ರ ಡಾಂಬರು ಸಿಗುತ್ತದೆ. ನಮ್ಮ ಬೀದಿಗೂ ಒಂದು ಆನೆ ಕಳಿಸಿ ಅಂತ ಬರೆದುಕೊಡಬೇಕೇನೋ.

ಆದ್ದರಿಂದ ಸಂಬಂಧಪಟ್ಟವರು ಈ ಫಲಿತಾಂಶವನ್ನು ಮತ್ತೊಮ್ಮೆ ನೋಡಬೇಕು, ಇಲ್ಲವೇ ಪಂದ್ಯ ಮತ್ತೆ ಆಡಿಸಬೇಕು, ಅದೂ ಆಗದಿದ್ದರೆ ಹುಡುಗರ ಮುಂದೆ ಬಂದು ತಪ್ಪಾಯಿತು ಅನ್ನಬೇಕು. ಚರಂಡಿಗೂ ಚಪ್ಪಡಿ ಹಾಕಿಸಲಿ. ನೀವೂ ಇನ್ನು ಮುಂದೆ ಸುಸೂತ್ರ ಅಂತ ಬರೆಯುವ ಮುಂಚೆ ಆಡಿದವರನ್ನು ಒಂದು ಮಾತು ಕೇಳಿ. 80 ರೂಪಾಯಿ ವಿಷಯ ಕಮಿಟಿಯವರಿಗೆ ಗೊತ್ತಿದೆ.

ನೊಂದ ಓದುಗ,
ಸರಸ್ವತಿಪುರಂ, ಮೈಸೂರು