ಬಾಡಿಗೆ ನಿಲ್ಲಿಸಬೇಡ, ಮೊದಲು ಒಂದು ಪತ್ರ ಬರೆ

ಪ್ರೀತಿಯ ಗೆಳೆಯಾ,

ಬಾಡಿಗೆ ಮನೆಯ ತಾರಸಿ ಸೋರುತ್ತಿದೆ, ಎಷ್ಟು ಹೇಳಿದರೂ ಮನೆ ಧಣಿಯ ಮ್ಯಾನೇಜರ್ ಬರುವುದಿಲ್ಲ ಎಂದು ಮೊನ್ನೆ ರಾತ್ರಿ ಫೋನಿನಲ್ಲಿ ನೀನು ತುಂಬಾ ಬೇಸರದಲ್ಲಿದ್ದೆ. ನಿನ್ನ ಕಡೆ ಮಳೆಯ ಸದ್ದು ಎಷ್ಟಿತ್ತೆಂದರೆ ಅರ್ಧ ಮಾತು ನನಗೆ ಕೇಳಿಸಲೇ ಇಲ್ಲ. ಆದರೆ ಕೊನೆಗೆ ಹೇಳಿದ ಒಂದು ಮಾತು ಸರಿಯಾಗಿ ಕೇಳಿಸಿತು. "ಬರುವ ತಿಂಗಳಿಂದ ಬಾಡಿಗೆಯೇ ಕೊಡುವುದಿಲ್ಲ. ಆಗ ತಾನಾಗಿ ಓಡಿ ಬರ್ತಾರೆ" ಎಂದೆ. ಅದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ ಮಾರಾಯ. ದಯವಿಟ್ಟು ಹಾಗೆ ಮಾಡಬೇಡ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಇವತ್ತೇ ಆಗಬೇಕಾದ ಒಂದು ಕೆಲಸ ಇದೆ. ಸ್ವಿಚ್ ಬೋರ್ಡಿನ ಪಕ್ಕದ ಗೋಡೆಯಲ್ಲಿ ನೀರು ಇಳಿಯುತ್ತಿದೆ ಎಂದೆಯಲ್ಲ, ಆ ಕೋಣೆಗೆ ಕರೆಂಟ್ ಕಡಿಯುವ ಸ್ವಿಚ್ಚನ್ನು, ಅದೇ ಎಂ.ಸಿ.ಬಿ.ಯನ್ನು, ಈಗಲೇ ಇಳಿಸಿಬಿಡು. ಮೀಟರಿನ ಹತ್ತಿರ ಇ.ಎಲ್.ಸಿ.ಬಿ. (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡು. ಒತ್ತಿದ ಕೂಡಲೇ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ ಎಂದೇ ಲೆಕ್ಕ. ಮ್ಯಾನೇಜರ್ ಬರುವವರೆಗೆ ಕಾಯಬೇಡ, ನಿನ್ನ ದುಡ್ಡಿನಲ್ಲೇ ಒಬ್ಬ ಎಲೆಕ್ಟ್ರಿಷಿಯನನ್ನು ಕರೆಸು, ರಸೀದಿ ಇಟ್ಟುಕೋ. ದುಡ್ಡಿನ ವಿಚಾರ ಆಮೇಲೆ ನೋಡೋಣ. ಮನೆಯಲ್ಲಿ ಸಣ್ಣ ಮಗು ಇದೆ.

ಈಗ ನನ್ನ ಕತೆ. ನಾವು ಬೀರಂತಬೈಲಿನಲ್ಲಿದ್ದ ಮನೆ ನಿನಗೆ ನೆನಪಿದೆ ಅಲ್ವಾ? ಮೇಲಿನ ಮಾಳಿಗೆ. ಧಣಿ ಶಾರ್ಜಾದಲ್ಲಿ. ಇಲ್ಲಿ ಬಾಡಿಗೆ ವಸೂಲಿ, ನೀರಿನ ಮೋಟಾರು, ತಾರಸಿಯ ಬೀಗದ ಕೈ, ಎಲ್ಲವೂ ಒಬ್ಬ ಮ್ಯಾನೇಜರರ ಕೈಯಲ್ಲಿ. ಕಾಸರಗೋಡು ಪೇಟೆಯಲ್ಲಿ ಎಷ್ಟೋ ಬಾಡಿಗೆ ಮನೆಗಳು ಹೀಗೇ ಇವೆ. ಮನೆ ಕಟ್ಟಿಸಿದವರು ಗಲ್ಫಿನಲ್ಲಿ, ಮನೆಯೊಳಗೆ ಇರುವವರು ನಾವು, ನಡುವೆ ಫೋನ್ ಎತ್ತದ ಒಬ್ಬ ಮನುಷ್ಯ.

2022ರ ಜೂನ್ ತಿಂಗಳು. ಮಲಗುವ ಕೋಣೆಯ ಮೇಲೆ ಅಂಗೈಯಷ್ಟು ಒದ್ದೆ ಕಲೆ ಕಾಣಿಸಿತು. ನಾಲ್ಕು ದಿನಕ್ಕೆ ಅದು ಊಟದ ತಟ್ಟೆಯಷ್ಟಾಯಿತು. ಪೈಂಟ್ ಗುಳ್ಳೆ ಎದ್ದಿತ್ತು. ಸ್ಟೂಲಿನ ಮೇಲೆ ನಿಂತು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದೆ. ಗುಳ್ಳೆ ಒಡೆದು, ಸುಣ್ಣದ ಬಣ್ಣದ ತಣ್ಣನೆ ನೀರು ಮೊಣಕೈವರೆಗೆ ಇಳಿಯಿತು. ಆ ರಾತ್ರಿಯಿಂದ ಮಂಚದ ಪಕ್ಕ ಬಕೆಟ್. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಮಗಳ ಮೂರನೇ ಕ್ಲಾಸಿನ ಕನ್ನಡ ಪುಸ್ತಕ ನೆನೆದು ಮುದ್ದೆಯಾಗಿತ್ತು. ಅವಳು ಅಳಲಿಲ್ಲ. ಫ್ಯಾನಿನ ಕೆಳಗೆ ಕೂತು ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. ಅದು ನನಗೆ ಇವತ್ತಿಗೂ ಮರೆಯುವುದಿಲ್ಲ.

ಮ್ಯಾನೇಜರರಿಗೆ ಫೋನ್ ಮಾಡಿದೆ. ಮೊದಲ ಸಲ ಎತ್ತಿದರು. "ನಾಳೆ ಆಳೆ ಅಯಕ್ಕಾಂ" ಎಂದರು. ನಾಳೆ ಜನ ಕಳಿಸ್ತೇನೆ ಅಂತ. ಯಾರೂ ಬರಲಿಲ್ಲ. ಎರಡನೇ ಸಲವೂ ಅದೇ ಮಾತು. ಮೂರನೇ ಸಲದಿಂದ ರಿಂಗ್ ಆಗಿ ಆಗಿ ಕಟ್ಟಾಗುತ್ತಿತ್ತು. ವಾಟ್ಸಾಪಿನಲ್ಲಿ ಫೋಟೋ ಹಾಕಿದರೆ ಎರಡು ನೀಲಿ ಗೀಟು ಬೀಳುತ್ತಿತ್ತು, ಉತ್ತರ ಇಲ್ಲ. ಜುಲೈ 5ರಂದು ಬೆಳಿಗ್ಗೆ ಎಂಟು ಗಂಟೆಗೆ ಅವರದೇ ಫೋನ್ ಬಂತು, ಬಾಡಿಗೆ ಕೇಳಲು. ಮೈಯೆಲ್ಲ ಉರಿದುಹೋಯಿತು. ನೀನು ಮೊನ್ನೆ ಹೇಳಿದ ಮಾತನ್ನೇ ನಾನೂ ಹೇಳಿದ್ದೆ.

ನನ್ನನ್ನು ತಡೆದದ್ದು ನಮ್ಮ ಶಾಲೆಯ ಮಲಯಾಳ ಟೀಚರು. "ಮಾಷೇ, ಮೊದಲು ಕರಾರು ಪತ್ರ ತನ್ನಿ, ಅದರಲ್ಲಿ ಎಂಥ ಬರೆದಿದೆ ನೋಡೋಣ" ಎಂದರು. ನನಗೆ ನಾಚಿಕೆಯಾಯಿತು. ಯಾಕೆಂದರೆ ನಾನು ಅದನ್ನು ಓದಿರಲೇ ಇಲ್ಲ. ನಾವಿಬ್ಬರೂ ಕನ್ನಡ ಮೀಡಿಯಂನಲ್ಲಿ ಕಲಿತವರು. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳ ಬಾಯಿಗೆ ಸಲೀಸಾಗಿ ಬರುತ್ತದೆ. ಆದರೆ ಸ್ಟಾಂಪ್ ಪೇಪರಿನ ಮಲಯಾಳ ಓದಲು ಬರುವುದಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ, ಮೂವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದಿದ್ದೆ. ನೀನೂ ಹಾಗೇ ಮಾಡಿರುತ್ತೀ. ನಮ್ಮ ಕಡೆಯವರು ಎಷ್ಟು ಜನ ಹೀಗೆ ಓದದೆ ಸಹಿ ಹಾಕುತ್ತೇವೋ ಎಂದು ನೆನೆದರೆ ಸಂಕಟವಾಗುತ್ತದೆ.

ಟೀಚರು ಸ್ಟಾಫ್ ರೂಮಿನಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳಿದರು. ನಲ್ಲಿ, ಬಲ್ಬು, ಬಾಗಿಲ ಚಿಲಕ ಇಂಥ ಸಣ್ಣಪುಟ್ಟ ರಿಪೇರಿ ಬಾಡಿಗೆದಾರನದು. ಮಾಡು (ಛಾವಣಿ), ಗೋಡೆ, ನೀರಿನ ಲೈನು ಧಣಿಯದು. ಅದರ ಕೆಳಗೆ ಇನ್ನೊಂದು ಸಾಲು: ಇಂಥ ದೋಷ ಕಂಡರೆ ಬಾಡಿಗೆದಾರನು ಲಿಖಿತವಾಗಿ ತಿಳಿಸಬೇಕು. ಲಿಖಿತವಾಗಿ! ಅಷ್ಟು ದಿನ ನಾನು ಮಾಡಿದ ಫೋನುಗಳು ಆ ಒಂದು ಸಾಲಿನ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಮೊದಲ ಪುಟದಲ್ಲಿ ಮತ್ತೊಂದು ಸಂಗತಿ ಸಿಕ್ಕಿತು. ಧಣಿಯ ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ ವಿಳಾಸ. ಇಷ್ಟು ದಿನ "ಧಣಿಯ ನಂಬರ್ ಕೊಡಿ" ಎಂದು ಮ್ಯಾನೇಜರರನ್ನು ಗೋಗರೆಯುತ್ತಿದ್ದೆ. ವಿಳಾಸ ನನ್ನ ಕಪಾಟಿನಲ್ಲೇ ಇತ್ತು.

ಈಗ ಬಾಡಿಗೆ ನಿಲ್ಲಿಸುವ ವಿಚಾರ. ಇಲ್ಲಿ ನಡೆಯುವುದು 1965ರ ಕೇರಳ ಬಾಡಿಗೆ ನಿಯಂತ್ರಣ ಕಾನೂನು. ಅದರ ಪ್ರಕಾರ ಬಾಡಿಗೆ ಬಾಕಿ ಇಟ್ಟರೆ ಅದೇ ಮನೆ ಬಿಡಿಸಲು ಒಂದು ಕಾರಣ. ಧಣಿ ರಿಜಿಸ್ಟರ್ಡ್ ನೋಟಿಸ್ ಕಳಿಸುತ್ತಾನೆ. ಅದು ಕೈ ಸೇರಿ 15 ದಿನದ ಒಳಗೆ ಬಾಕಿಯನ್ನು ಬಡ್ಡಿ ಸಮೇತ ಕಟ್ಟದಿದ್ದರೆ ಅವನು ಕೋರ್ಟಿಗೆ ಹೋಗಬಹುದು. ಅಲ್ಲಿ ನಿನ್ನ ಸೋರುವ ಮಾಡಿನ ಮಾತು ಹಿಂದೆ ಬೀಳುತ್ತದೆ, ನೀನು ಬಾಡಿಗೆ ಕೊಡದವನು ಎಂಬುದೇ ಮುಂದೆ ಬರುತ್ತದೆ. ಇವತ್ತು ನ್ಯಾಯ ನಿನ್ನ ಕಡೆ ಇದೆ. ಬಾಡಿಗೆ ನಿಲ್ಲಿಸಿದ ದಿನ ಅದನ್ನು ನೀನೇ ಅವರ ಕೈಗೆ ಕೊಟ್ಟ ಹಾಗೆ. ರಿಪೇರಿಗೂ ಅದೇ ಕಾನೂನಿನಲ್ಲಿ ದಾರಿ ಇದೆ. ಧಣಿ ಮಾಡಿಸದಿದ್ದರೆ ಬಾಡಿಗೆದಾರ ಅರ್ಜಿ ಹಾಕಬಹುದು. ಆದೇಶ ಸಿಕ್ಕಿದರೆ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಆದೇಶ ಮೊದಲು, ಹಿಡಿಯುವುದು ಆಮೇಲೆ. ಸಿಟ್ಟು ಮಾಡಿ ನೀರು, ಕರೆಂಟು ಕಟ್ ಮಾಡುತ್ತೇವೆ ಎಂದು ಅವರು ಹೆದರಿಸಿದರೆ ಹೆದರಬೇಡ, ಸರಿಯಾದ ಕಾರಣವಿಲ್ಲದೆ ಹಾಗೆ ಮಾಡುವ ಹಕ್ಕು ಧಣಿಗಿಲ್ಲ. ಇನ್ನು ನೀನು ನಗದು ಕೊಡುತ್ತಿದ್ದೀಯಾ? ರಸೀದಿ ಕೇಳು, ಅದು ನಿನ್ನ ಹಕ್ಕು. ಇಲ್ಲವಾದರೆ ಬ್ಯಾಂಕಿನಿಂದಲೋ ಗೂಗಲ್ ಪೇಯಿಂದಲೋ ಕಳಿಸಿ, ಯಾವ ತಿಂಗಳ ಬಾಡಿಗೆ ಎಂದು ಬರೆ.

ನಾನು ಜುಲೈ ಬಾಡಿಗೆ ಕೊಟ್ಟೆ. ಅದೇ ದಿನ ಸಂಜೆ ಪತ್ರ ಬರೆದೆ. ದೊಡ್ಡ ಪತ್ರ ಅಲ್ಲ, ಒಂದೇ ಪುಟ. ಯಾವ ತಾರೀಕಿಗೆ ಕಲೆ ಕಂಡಿತು, ಯಾವ್ಯಾವ ದಿನ ಫೋನ್ ಮಾಡಿದೆ, ಎಷ್ಟು ಗಂಟೆಗೆ, ಅವರು ಎಂಥ ಹೇಳಿದರು. ಆ ತಿಂಗಳ ಬಾಡಿಗೆ ಸಂದಾಯವಾಗಿದೆ ಎಂಬ ಒಂದು ಸಾಲು. ಕರಾರಿನ ಯಾವ ಕಲಮಿನಲ್ಲಿ ಮಾಡಿನ ರಿಪೇರಿ ಧಣಿಯದೆಂದು ಇದೆ. ಹದಿನೈದು ದಿನದೊಳಗೆ ಯಾರನ್ನಾದರೂ ಕಳಿಸಿ ನೋಡಿಸಬೇಕೆಂಬ ಕೋರಿಕೆ. ಮೊದಲ ಪ್ರತಿಯಲ್ಲಿ ನಾಲ್ಕು ಸಿಟ್ಟಿನ ಮಾತು ಬರೆದಿದ್ದೆ. ಟೀಚರು ಅದಕ್ಕೆಲ್ಲ ಗೀಟು ಹಾಕಿದರು. ಮಲಯಾಳದಲ್ಲಿ ಬರೆದುಕೊಟ್ಟದ್ದೂ ಅವರೇ. ಒಂದು ಪ್ರತಿ ಮ್ಯಾನೇಜರರಿಗೆ, ಒಂದು ತರವಾಡು ಮನೆಗೆ, ಎರಡೂ ರಿಜಿಸ್ಟರ್ಡ್. ಈಗ ಅಂಚೆಯವರು ರಿಜಿಸ್ಟರ್ಡನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ, ಆದ್ದರಿಂದ ತಲುಪಿದ್ದಕ್ಕೆ ಪುರಾವೆ ಬೇಕು ಎಂದು ಕೌಂಟರಿನಲ್ಲೇ ಬಾಯಿಬಿಟ್ಟು ಕೇಳು.

ಪತ್ರ ಹಾಕಿ ಸುಮ್ಮನೆ ಕೂರಲಿಲ್ಲ. ಕೆಳಗಿನ ಮನೆಯವರಿಂದ ಏಣಿ ಇಸ್ಕೊಂಡು ತಾರಸಿಗೆ ಹತ್ತಿದೆ. ಅಲ್ಲಿ ನಾಲ್ಕು ಇಂಚು ನೀರು ಕೆರೆಯ ಹಾಗೆ ನಿಂತಿತ್ತು. ಮೂಲೆಯಲ್ಲಿ ನೀರು ಹೋಗುವ ಪೈಪಿನ ಬಾಯಿಗೆ ಹಲಸಿನ ಎಲೆ ಪದರ ಪದರವಾಗಿ ಕೂತು, ಮಣ್ಣು ಸೇರಿ ಬೆಣೆ ಹೊಡೆದ ಹಾಗಾಗಿತ್ತು. ಮೊದಲು ಫೋಟೋ ತೆಗೆದೆ. ಆಮೇಲೆ ಕೈ ಹಾಕಿ ಎಳೆದೆ. ಗುಳುಗುಳು ಎಂದು ನೀರು ಇಳಿಯತೊಡಗಿತು. ಸಂಜೆಯ ಹೊತ್ತಿಗೆ ಬಕೆಟಿಗೆ ಬೀಳುವ ಹನಿ ಅರ್ಧಕ್ಕೆ ಇಳಿದಿತ್ತು. ಕಾಂಕ್ರೀಟಿನ ಮೇಲೆ ನೀರು ನಿಂತಷ್ಟು ಹೊತ್ತು ಬಿರುಕು ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ಹರಿದುಹೋದರೆ ಅಷ್ಟು ಇಳಿಯುವುದಿಲ್ಲ. ನಿನ್ನ ತಾರಸಿಯನ್ನೂ ಒಮ್ಮೆ ನೋಡಬೇಕು.

ಹನ್ನೊಂದನೇ ದಿನ, ಶುಕ್ರವಾರ ಸಂಜೆ, ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಕಾಲ್ ಬಂತು. ಧಣಿ! ತರವಾಡು ಮನೆಯಲ್ಲಿ ಅವರ ಅಮ್ಮ ಪತ್ರ ತೆಗೆದುಕೊಂಡು ಮಗನಿಗೆ ಫೋಟೋ ಕಳಿಸಿದ್ದರಂತೆ. ನಾನು ಜಗಳಕ್ಕೆ ತಯಾರಾಗಿ ಫೋನ್ ಎತ್ತಿದೆ. ಅವರು ಮೊದಲು ಕೇಳಿದ್ದು, "ಮಗುವಿನ ಪುಸ್ತಕ ಬೇರೆ ಸಿಕ್ಕಿತಾ?" ಎಂದು. ಪತ್ರದಲ್ಲಿ ಆ ಒಂದು ಸಾಲನ್ನು ಟೀಚರು ಹಾಗೇ ಬಿಟ್ಟಿದ್ದರು. ಮನೆಗೆ ಯಾವ ತೊಂದರೆಯೂ ಇಲ್ಲ ಎಂದೇ ಮ್ಯಾನೇಜರ್ ತಿಂಗಳು ತಿಂಗಳು ಅವರಿಗೆ ಹೇಳುತ್ತಿದ್ದರಂತೆ. ಅಲ್ಲಿ ಬೆವರು ಸುರಿಸಿ ಕಟ್ಟಿಸಿದ ಮನೆಯ ಮಾಡು ಸೋರುತ್ತಿದೆ ಎಂದು ಆ ಮನುಷ್ಯನಿಗೂ ಯಾರೂ ಹೇಳಿರಲಿಲ್ಲ. ಅಷ್ಟು ದಿನ ನಾನು ಅವರನ್ನೂ ಮನಸ್ಸಿನಲ್ಲಿ ಬೈಯುತ್ತಿದ್ದೆ. ಅದು ತಪ್ಪಾಯಿತು.

ಕೆಲಸ ಒಂದೇ ಸಲಕ್ಕೆ ಮುಗಿಯಲಿಲ್ಲ. ನೀರು ತಡೆಯುವ ಕೋಟಿಂಗ್ ಹಚ್ಚಬೇಕಾದರೆ ಕಾಂಕ್ರೀಟ್ ಚೆನ್ನಾಗಿ ಒಣಗಿರಬೇಕು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಒಣಗುವುದೆಲ್ಲಿಂದ? ಆ ಮಳೆಗಾಲ ಟಾರ್ಪಾಲಿನ್ ಕಟ್ಟಿ ಕಳೆದೆವು. ಅಕ್ಟೋಬರ್-ನವೆಂಬರಿನ ತುಲಾ ಮಳೆಯೂ ಮುಗಿದು ಡಿಸೆಂಬರಿನಲ್ಲಿ ಬಿರುಕು ಕೆತ್ತಿ ತುಂಬಿ ಕೋಟಿಂಗ್ ಆಯಿತು. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೆಂದರೆ, ಈಗ ಪೂರ್ತಿ ರಿಪೇರಿ ಮಾಡಿ ಎಂದು ಹಟ ಹಿಡಿದರೆ ಆಗುವುದಿಲ್ಲ. ಈಗ ಟಾರ್ಪಾಲಿನ್, ಪೈಪು ಬಿಡಿಸುವುದು, ವಯರಿಂಗ್ ಇಷ್ಟು ಕೇಳು. ಉಳಿದದ್ದಕ್ಕೆ ಡಿಸೆಂಬರ್ ಎಂದು ಬರಹದಲ್ಲಿ ಒಪ್ಪಿಸು. ನನ್ನಜ್ಜ ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಹಂಚು ಕೈಯಾಡಿಸಿ ಮುಗಿಸುತ್ತಿದ್ದರು. ಈಗ ಬಾಡಿಗೆ ಮನೆಯಲ್ಲಿದ್ದರೂ ಏಪ್ರಿಲಿನಲ್ಲೇ ನಾನೊಮ್ಮೆ ತಾರಸಿ ಹತ್ತುತ್ತೇನೆ.

ಪತ್ರಕ್ಕೂ ಉತ್ತರ ಬರದಿದ್ದರೆ? ಆಗ ವಿದ್ಯಾನಗರದ ಕೋರ್ಟಿನಲ್ಲಿರುವ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗೋಣ. ಫೋನ್ ಮಾಡುವುದಾದರೆ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಕರಾರಿನಲ್ಲಿ ನಿನ್ನ ಹೆಂಡತಿಯ ಹೆಸರೂ ಇದೆ ಅಲ್ವಾ, ಅವಳೇ ಅರ್ಜಿ ಕೊಡಲಿ. ಇನ್ನೊಂದು ವಿಷಯ, ಸರಕಾರಿ ಕಚೇರಿಗೆ ಬರೆಯುವಾಗ ಮಲಯಾಳಕ್ಕೆ ಪರದಾಡಬೇಡ. ಕೇರಳದ ಭಾಷಾ ಕಾನೂನಿನಲ್ಲಿ ಕಾಸರಗೋಡಿನ ಕನ್ನಡಿಗರಾದ ನಮಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕಿದೆ. ಮ್ಯಾನೇಜರ್ ಸರಕಾರ ಅಲ್ಲ, ಅವರಿಗೆ ಮಾತ್ರ ಅವರು ಓದುವ ಭಾಷೆಯಲ್ಲೇ ಬರೆಯೋಣ. ಟೀಚರಿಗೆ ನಿನ್ನೆಯೇ ಹೇಳಿದ್ದೇನೆ, ಒಪ್ಪಿದ್ದಾರೆ.

ಭಾನುವಾರ ಬೆಳಿಗ್ಗೆ ಕುಂಬಳೆಯಿಂದ ಮೊದಲ ಬಸ್ಸಿಗೆ ಹೊರಡುತ್ತೇನೆ. ನುಳ್ಳಿಪ್ಪಾಡಿಗೆ ಬರುವಾಗ ಎಂಟೂವರೆ ಆಗಬಹುದು. ಕರಾರು ಪತ್ರ ಹುಡುಕಿ ಮೇಜಿನ ಮೇಲೆ ಇಡು. ನಿನ್ನ ಫೋನಿನ ಕಾಲ್ ಲಿಸ್ಟ್ ಅಳಿಸಬೇಡ, ತಾರೀಕು ಅದರಲ್ಲೇ ಸಿಗುತ್ತದೆ. ಯಾರಲ್ಲಾದರೂ ಒಂದು ಏಣಿ ಕೇಳಿಟ್ಟಿರು.

ನಿನ್ನ
ಗೆಳೆಯ