ಯುದ್ಧದ ಹೊತ್ತಿನಲ್ಲಿ ನಾಲ್ಕು ಚೌಕದ ಕುಚೋದ್ಯ

ಕೊಲಂಬಸ್, ಒಹಾಯೊ

ಚಿ. ಗಿರೀಶನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ಅಂತ ಬರೆ. ವಾರಪತ್ರಿಕೆಗೆ ಯುದ್ಧದ ಮೇಲೆ ಸ್ಟ್ರಿಪ್ (ಸಾಲು ಚೌಕಗಳಲ್ಲಿ ಬರುವ ಚಿತ್ರಹಾಸ್ಯ) ಮಾಡುತ್ತೇನೆ, ಅಮೆರಿಕದವರು ಇದನ್ನು ಹೇಗೆ ದಕ್ಕಿಸಿಕೊಂಡರು ಹೇಳು ಅಂತ ಕೇಳಿದ್ದೀಯ. ದಕ್ಕಿಸಿಕೊಂಡವರು ಕೆಲವರೇ. ಅವರಲ್ಲಿ ಮೂವರ ಕೈಚಳಕ ಬರೆಯುತ್ತೇನೆ, ನಿನಗೆ ಬೇಕಾದ್ದು ಆರಿಸಿಕೋ.

ಮೊದಲು ಒಂದು ವ್ಯತ್ಯಾಸ ತಿಳಿದುಕೋ. ನಮ್ಮ ಮೈಸೂರಿನ ಲಕ್ಷ್ಮಣ್ ಬರೆಯುತ್ತಿದ್ದಂಥ ರಾಜಕೀಯ ಕಾರ್ಟೂನು ಇವತ್ತು ಬರೆದರೆ ನಾಳೆ ಅಚ್ಚಾಗುತ್ತದೆ. ಸಿಂಡಿಕೇಟಿನ, ಅಂದರೆ ಒಂದೇ ಸ್ಟ್ರಿಪ್ಪನ್ನು ಹಲವು ಪತ್ರಿಕೆಗಳಿಗೆ ಹಂಚುವ ಸಂಸ್ಥೆಯ, ಸ್ಟ್ರಿಪ್ ಹಾಗಲ್ಲ. ದಿನದ ಸ್ಟ್ರಿಪ್ಪನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಮೊದಲೇ ಕೊಡಬೇಕು. ಭಾನುವಾರದ್ದು ಬಣ್ಣದ ಪುಟ, ಮುಂಗಡ ಅಚ್ಚಾಗುತ್ತದೆ, ಹಾಗಾಗಿ ಅದಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಅಷ್ಟರೊಳಗೆ ಕದನವಿರಾಮ ಆಗಬಹುದು, ನೀನು ಗೇಲಿ ಮಾಡಿದ ಮಂತ್ರಿ ತೀರಿಕೊಂಡಿರಬಹುದು. 2004ರಲ್ಲಿ ಇರಾಕ್ ಯುದ್ಧ ನಡೆಯುತ್ತಿದ್ದಾಗ ‘ಡೂನ್ಸ್‌ಬರಿ’ ಸ್ಟ್ರಿಪ್ಪಿನ ಗ್ಯಾರಿ ಟ್ರೂಡೊಗೆ ಇದೇ ಆಯಿತು. ತಟ್ಟೆಯ ಮೇಲೆ ತುಂಡಾದ ತಲೆ ಇದ್ದ ಒಂದು ಭಾನುವಾರದ ಸ್ಟ್ರಿಪ್ಪನ್ನು ಬಹಳ ಮೊದಲೇ ಬರೆದುಕೊಟ್ಟಿದ್ದ. ಅದು ಮೇ 23ರಂದು ಬಂತು. ಅಷ್ಟರಲ್ಲಿ ಇರಾಕಿನಲ್ಲಿ ಒಬ್ಬ ಅಮೆರಿಕನ್‌ನ ತಲೆ ಕಡಿದು ಕೊಂದ ಸುದ್ದಿ ಎಲ್ಲರ ಮನೆ ತಲುಪಿತ್ತು. ಟ್ರೂಡೊ ಕ್ಷಮೆ ಕೇಳಬೇಕಾಯಿತು. ಬರೆದಾಗ ತಪ್ಪೇನೂ ಇರಲಿಲ್ಲ, ಕ್ಯಾಲೆಂಡರ್ ಕೈಕೊಟ್ಟಿತು ಅಷ್ಟೆ.

ಆದ್ದರಿಂದ ಈ ವಾರದ ಘಟನೆಗೆ ಕೈಹಾಕಬೇಡ. ಯುದ್ಧ ನಡೆಸುವವರ ಚಾಳಿಗೆ ಕೈಹಾಕು. ಚಾಳಿ ಆರು ವಾರ ಕಳೆದರೂ ಹಳಸುವುದಿಲ್ಲ.

ಇದರಲ್ಲಿ ಗುರು ಅಂದರೆ ‘ಪೋಗೊ’ ಬರೆದ ವಾಲ್ಟ್ ಕೆಲ್ಲಿ. ಜೌಗುಭೂಮಿಯಲ್ಲಿ ವಾಸಿಸುವ ಪ್ರಾಣಿಗಳ ಕಥೆ ಅದು, ನೋಡಿದರೆ ಮಕ್ಕಳದ್ದು ಅನ್ನಿಸುತ್ತದೆ. 1953ರ ಮೇನಲ್ಲಿ, ಕೊರಿಯಾ ಯುದ್ಧ ಇನ್ನೂ ಮುಗಿಯದೆ ಇದ್ದಾಗ, ಅಲ್ಲಿಗೆ ಸಿಂಪಲ್ ಜೆ. ಮಲಾರ್ಕಿ ಅನ್ನುವ ಕಾಡುಬೆಕ್ಕು ಬಂತು. ಮೈ ಬೆಕ್ಕಿನದು, ಮುಖ ಸೆನೆಟರ್ ಜೋಸೆಫ್ ಮೆಕಾರ್ಥಿಯದು. ಕಂಡವರನ್ನೆಲ್ಲ ಕಮ್ಯುನಿಸ್ಟ್ ಅಂತ ಬೆದರಿಸುತ್ತಿದ್ದ ಮನುಷ್ಯನನ್ನು ಹೆಸರು ಹೇಳದೆ ಹಿಡಿದದ್ದು ಹೀಗೆ. ಪ್ರಾವಿಡೆನ್ಸ್ ಊರಿನ ಪತ್ರಿಕೆಯೊಂದು, ಆ ಮುಖ ಇನ್ನೊಮ್ಮೆ ಕಂಡರೆ ಸ್ಟ್ರಿಪ್ಪನ್ನೇ ತೆಗೆಯುತ್ತೇವೆ ಅಂದಿತು. ಕೆಲ್ಲಿ ಏನು ಮಾಡಿದ ಗೊತ್ತೆ? ಪ್ರಾವಿಡೆನ್ಸ್ ಇರುವ ರೋಡ್ ಐಲೆಂಡ್ ರಾಜ್ಯದ ಹೆಸರೇ ಇರುವ ಕೋಳಿತಳಿಯ ಒಂದು ಹೇಂಟೆಯನ್ನು ಕಥೆಗೆ ತಂದ. ಆ ಊರಿನಿಂದ ಬಂದವರು ತನ್ನನ್ನು ನೋಡಬಾರದು ಅಂತ ಮಲಾರ್ಕಿ ತಲೆಗೆ ಚೀಲ ಹಾಕಿಕೊಂಡಿತು! ಸಂಪಾದಕರ ಷರತ್ತು ಅಕ್ಷರಶಃ ಪಾಲನೆಯಾಯಿತು, ಮುಖ ಕಾಣಲಿಲ್ಲ. ಚೀಲದೊಳಗೆ ಯಾರಿದ್ದಾರೆ ಅಂತ ಓದುಗರಿಗೆಲ್ಲ ಗೊತ್ತಿತ್ತು.

ಅವನ ಇನ್ನೊಂದು ಉಪಾಯ ನಿನಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಖಾರ ಜಾಸ್ತಿಯಾದ ದಿನಕ್ಕೆ ಎರಡು ಸ್ಟ್ರಿಪ್ ಬರೆದು ಕಳಿಸುತ್ತಿದ್ದ. ಒಂದು ಅಸಲಿ. ಇನ್ನೊಂದರಲ್ಲಿ ಮುದ್ದು ಮೊಲದ ಮರಿಗಳು, ಸಪ್ಪೆ ತಮಾಷೆ. ಹೆದರುವ ಸಂಪಾದಕರು ಮೊಲದ್ದು ಹಾಕಿಕೊಳ್ಳಲಿ ಅಂತ. ಜೊತೆಗೆ ಓದುಗರಿಗೂ ಹೇಳಿಬಿಟ್ಟಿದ್ದ, ನಿಮ್ಮ ಪತ್ರಿಕೆಯಲ್ಲಿ ಬರೀ ಮೊಲ ಕಂಡರೆ, ನಿಮಗೆ ಸ್ವಂತ ಬುದ್ಧಿ ಇದೆ ಅಂತ ಪತ್ರಿಕೆಯವರು ನಂಬಿಲ್ಲ ಅಂತ ತಿಳಿಯಿರಿ ಎಂದು. ಮೊಲ ಹಾಕಿದರೂ ಗೇಲಿ ತಪ್ಪಲಿಲ್ಲ. ನೀನೂ ಪ್ರತಿ ಸರಣಿಗೆ ಒಂದೆರಡು ಬದಲಿ ಸ್ಟ್ರಿಪ್ ಡ್ರಾಯರಿನಲ್ಲಿ ಇಟ್ಟಿರು. ಕೊನೇ ಗಳಿಗೆಯಲ್ಲಿ ಜಾಗ ಖಾಲಿ ಬಿದ್ದರೆ ಅಲ್ಲಿ ಜಾಹೀರಾತು ಬಂದು ಕೂರುತ್ತದೆ, ಮುಂದಿನ ವಾರ ಎಬ್ಬಿಸುವುದು ಕಷ್ಟ.

ಕೆಲ್ಲಿಯ ಮೂಲಪ್ರತಿ ನೋಡಿದರೆ ಕಪ್ಪು ಇಂಕಿನ ಕೆಳಗೆ ತಿಳಿನೀಲಿ ಪೆನ್ಸಿಲ್ ಗೆರೆ ಹಾಗೇ ಉಳಿದಿರುತ್ತದೆ. ರಬ್ಬರ್ ಹಾಕುವ ಕೆಲಸವಿರಲಿಲ್ಲ, ಅಚ್ಚಿನ ಬ್ಲಾಕ್ ಮಾಡುವ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿ ಬಿಳಿಯಂತೆಯೇ ಕಾಣುತ್ತಿತ್ತು. ಕೆಲವು ಕಡೆ ಒಂದು ಕೈಗೆ ಮೂರು ನೀಲಿ ಭಂಗಿ ಹಾಕಿ, ಒಂದಕ್ಕೆ ಮಾತ್ರ ಬ್ರಶ್ಶಿನಿಂದ ಇಂಕು ಎಳೆದದ್ದು ಕಾಣುತ್ತದೆ. ಬ್ರಶ್ಶಿನ ಗೆರೆ ಒತ್ತಿದ ಕಡೆ ದಪ್ಪ, ಎತ್ತಿದ ಕಡೆ ಕೂದಲೆಳೆ. ನೀನು ಸ್ಕ್ಯಾನ್ ಮಾಡಿ ಕಳಿಸುವವನಾದರೆ ನೀಲಿಯನ್ನು ಕಂಪ್ಯೂಟರಿನಲ್ಲೇ ತೆಗೆಯಬೇಕು, ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಬೂದು ಗೆರೆಯಾಗಿ ಉಳಿದುಬಿಡುತ್ತದೆ. ಅಕ್ಷರದಲ್ಲೂ ಅವನ ಕುಚೋದ್ಯ ಇದೆ. ಉಪದೇಶ ಮಾಡುವ ಪಾದ್ರಿಯ ಮಾತೆಲ್ಲ ಹಳೇ ಬೈಬಲ್ಲಿನ ಲಿಪಿಯಲ್ಲಿ, ಸರ್ಕಸ್ ಯಜಮಾನನದು ಸರ್ಕಸ್ ಪೋಸ್ಟರಿನ ಅಕ್ಷರದಲ್ಲಿ. ಬಾಯಿ ಬಿಡುವ ಮೊದಲೇ ಆಸಾಮಿ ಎಂಥವನು ಅಂತ ಗೊತ್ತಾಗುತ್ತದೆ.

ಟ್ರೂಡೊನ ದಾರಿ ಬೇರೆ. ಆ ಕಾಲದಲ್ಲಿ ಅವನು ಅಧ್ಯಕ್ಷರ ಮುಖವನ್ನೇ ಬರೆಯುತ್ತಿರಲಿಲ್ಲ, ಬದಲಿಗೆ ಒಂದು ಗುರುತು ಇಡುತ್ತಿದ್ದ. ಕಿರಿಯ ಬುಷ್ ಅಂದರೆ ಒಂದು ನಕ್ಷತ್ರಚಿಹ್ನೆ (*), ಅದರ ಮೇಲೆ ಟೆಕ್ಸಾಸಿನ ಟೋಪಿ. ಇರಾಕ್ ಯುದ್ಧದ ಹೊತ್ತಿಗೆ ಟೋಪಿ ಹೋಗಿ ರೋಮನ್ ಸೈನಿಕನ ಶಿರಸ್ತ್ರಾಣ ಬಂತು. ಯುದ್ಧ ಎಳೆದಷ್ಟೂ ಅದು ನೆಗ್ಗಿ, ತುರಾಯಿ ಉದುರಿ ಚಿಂದಿಯಾಗುತ್ತಾ ಹೋಯಿತು. ಅದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ದಿನಾ ಓದುವವನಿಗಷ್ಟೇ ಸಿಗುವ ಏಟು ಅದು, ಒಂಟಿ ಕಾರ್ಟೂನಿಗೆ ಇದು ಸಾಧ್ಯವೇ ಇಲ್ಲ.

ಅದೇ ಸ್ಟ್ರಿಪ್ಪಿನ ಬಿ.ಡಿ. ಅನ್ನುವ ಪಾತ್ರ 1970ರಿಂದಲೂ ಹೆಲ್ಮೆಟ್ ತೆಗೆದವನಲ್ಲ. ಮೊದಲು ಫುಟ್‌ಬಾಲಿನದು, ಆಮೇಲೆ ಸೈನ್ಯದ್ದು. 2004ರ ಏಪ್ರಿಲ್‌ನಲ್ಲಿ ಇರಾಕಿನಲ್ಲಿ ಗಾಯಗೊಂಡು ಸ್ಟ್ರೆಚರಿನ ಮೇಲೆ ಮಲಗಿದಾಗ ಅವನಿಗೆ ಒಂದು ಕಾಲಿಲ್ಲ, ತಲೆಯ ಮೇಲೆ ಹೆಲ್ಮೆಟ್ಟೂ ಇಲ್ಲ. ಮೂವತ್ತಮೂರು ವರ್ಷ ಕಾದು ತೆಗೆದ ಹೆಲ್ಮೆಟ್ ಅದು. ಮುಂದಿನ ತಿಂಗಳುಗಳಲ್ಲಿ ವೀರಗಾಥೆ ಬರೆಯಲಿಲ್ಲ. ಆಸ್ಪತ್ರೆ, ಕೃತಕ ಕಾಲು, ಸಿಡುಕು, ಆಪ್ತಸಲಹೆ, ಇಷ್ಟೇ. ಸೇನಾ ಆಸ್ಪತ್ರೆಗೆ ಹೋಗಿ ಗಾಯಾಳುಗಳನ್ನು ಮಾತಾಡಿಸಿಯೇ ಬರೆದ. 1995ರಲ್ಲಿ ಸೆನೆಟ್ಟಿನಲ್ಲಿ ನಿಂತು ಟ್ರೂಡೊನನ್ನು ಜರೆದಿದ್ದ ಜಾನ್ ಮೆಕೇನ್, 2005ರಲ್ಲಿ ಈ ಸ್ಟ್ರಿಪ್‌ಗಳ ಸಂಕಲನಕ್ಕೆ ಮುನ್ನುಡಿ ಬರೆದರು. ವ್ಯಂಗ್ಯ ಯುದ್ಧ ಮಾಡಿಸಿದವರ ಮೇಲೆ ಇರಬೇಕೇ ಹೊರತು ಗಾಯಗೊಂಡವರ ಮೇಲಲ್ಲ, ಇದೊಂದು ತಪ್ಪಿದರೆ ನಿನ್ನನ್ನು ಯಾರೂ ಕಾಪಾಡಲಾರರು.

ಆರನ್ ಮೆಕ್‌ಗ್ರೂಡರ್‌ನದು ನೇರ ಬಡಿಗೆ. 2001ರ ಅಕ್ಟೋಬರಿನಲ್ಲಿ, ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ ದೇಶವೆಲ್ಲ ಬಾವುಟ ಹಿಡಿದಿದ್ದಾಗ, ‘ಬೂನ್‌ಡಾಕ್ಸ್’ ಅನ್ನುವ ಅವನ ಸ್ಟ್ರಿಪ್ಪಿನಲ್ಲಿ ಒಬ್ಬ ಹುಡುಗ ಎಫ್‌ಬಿಐಗೆ ಫೋನ್ ಮಾಡಿ, ಭಯೋತ್ಪಾದಕರಿಗೆ ನೆರವು ಕೊಟ್ಟವರ ಹೆಸರು ಹೇಳುತ್ತೇನೆ ಅಂತ ಮಾಜಿ ಅಧ್ಯಕ್ಷ ರೇಗನ್ ಹೆಸರು ಬರೆಸುತ್ತಾನೆ. ನ್ಯೂಯಾರ್ಕಿನ ಒಂದು ಪತ್ರಿಕೆ ಸ್ಟ್ರಿಪ್ಪನ್ನು ಕೆಲವು ವಾರ ತಡೆಹಿಡಿಯಿತು. ಅವನು ಕೆಲವು ದಿನ ತನ್ನ ಪಾತ್ರಗಳನ್ನೇ ಬದಿಗಿಟ್ಟು, ಮಾತಾಡುವ ಬಾವುಟ ಮತ್ತು ರಿಬ್ಬನ್ನಿನ ಅತಿ ದೇಶಭಕ್ತ ಸ್ಟ್ರಿಪ್ ಬರೆದ. ಕೆಲ್ಲಿಯ ಮೊಲಗಳ ಮೊಮ್ಮಕ್ಕಳು ಅನ್ನು.

ಇನ್ನು ಅಳತೆ. ಭಾನುವಾರದ ಸ್ಟ್ರಿಪ್ಪಿನ ಮೇಲಿನ ಸಾಲನ್ನು ಎಷ್ಟೋ ಪತ್ರಿಕೆಗಳು ಕತ್ತರಿಸಿ ಎಸೆಯುತ್ತವೆ. ಆದ್ದರಿಂದ ಮುಖ್ಯ ಏಟು ಅಲ್ಲಿ ಇಡಬೇಡ, ಆ ಸಾಲಿಲ್ಲದೆಯೂ ಕಥೆ ನಿಲ್ಲಬೇಕು. ಪುಟ ಕಟ್ಟುವವರು ನಾಲ್ಕು ಚೌಕವನ್ನು ಎರಡರ ಮೇಲೆರಡು ಮಾಡಿಬಿಡುತ್ತಾರೆ, ಒಂದು ಚೌಕದಿಂದ ಪಕ್ಕದ್ದಕ್ಕೆ ಹಾಯುವ ಚಿತ್ರವಿದ್ದರೆ ಕೆಡುತ್ತದೆ. ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಬಾಲವಿಲ್ಲ, ಸಾಲು ಒತ್ತೊತ್ತಾಗಿ ಕೂರುತ್ತದೆ. ನಮಗೆ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಇಲ್ಲದಿದ್ದರೆ ಅಚ್ಚಿನಲ್ಲಿ ‘ಷ್ಟ್ರ’ ಒಂದು ಮಸಿಯ ಉಂಡೆ. ಮಾತು ಬರೆಯುವ ಬಲೂನಿಗೆ ಮೂರು ಸಾಲು ಸಾಕು, ಅಕ್ಷರ ಮೊದಲು ಬರೆದು ಆಮೇಲೆ ಸುತ್ತ ಬಲೂನು ಎಳೆ. ಕೊಡುವ ಮೊದಲು ಅಚ್ಚಾಗುವ ಅಗಲಕ್ಕೆ ಜೆರಾಕ್ಸ್ ಇಳಿಸಿ ಅಪ್ಪನ ಕೈಗೆ ಕೊಡು, ಕನ್ನಡಕ ಹುಡುಕದೆ ಓದಿದರೆ ಸರಿ.

ಡಾ. ಎಂ. ಶಿವರಾಂ ‘ಕೊರವಂಜಿ’ ಹಾಸ್ಯಪತ್ರಿಕೆ ಶುರು ಮಾಡಿದ್ದೂ 1942ರಲ್ಲಿ, ಮಹಾಯುದ್ಧದ ನಡುವೆಯೇ. ಹಳೇ ಸಂಚಿಕೆ ಸಿಕ್ಕರೆ ಮಾತಿಗೂ ಚಿತ್ರಕ್ಕೂ ಎಷ್ಟೆಷ್ಟು ಜಾಗ ಬಿಟ್ಟಿದ್ದಾರೆ ಅಂತ ಅಳೆದು ನೋಡು.

ಮೊದಲ ಆರು ಸ್ಟ್ರಿಪ್ಪಿನ ಕರಡು ಕಳಿಸು, ಇಂಕು ಹಾಕುವ ಮೊದಲೇ ಕಳಿಸು. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ
ಅಕ್ಕ